ಹಳೆ ಗಾಡಿಗೆ ಹೊಸ ತಗಡು: ಓದುಗರ ಪ್ರಶ್ನೋತ್ತರ

ಪ್ರಶ್ನೆ: ತೋಟದ ಕೆಲಸಕ್ಕೆ ಓಡುವ ಹಳೆಯ ಮಹೀಂದ್ರ ಸಿಜೆ-3ಬಿ ಜೀಪಿನ ಹಿಂಬದಿ ಫ್ಲೋರ್ ತುಕ್ಕು ಹಿಡಿದು ತೂತಾಗಿದೆ. ಮೇಲೊಂದು ತಗಡು ಇಟ್ಟು ಸುತ್ತ ವೆಲ್ಡ್ ಹೊಡೆದರೆ ಸಾಕು ಎನ್ನುತ್ತಾರೆ ಟಿಂಕರಿಂಗ್‌ನವರು. ಸಾಕೇ?
– ಓದುಗರು, ನಾಪೋಕ್ಲು

ಸಾಲದು. ಎರಡು ತಗಡಿನ ನಡುವೆ ಸೇರಿದ ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರುವುದೇ ಇಲ್ಲ. ಹಳೆ ತಗಡಿನ ತುಕ್ಕು ಹೊಸದನ್ನೂ ಅಡಿಯಿಂದ ತಿನ್ನುತ್ತದೆ. ಅದರ ಮೇಲೆ ತೋಟದ ಜೀಪು ಹೊರುವ ಸಾಮಾನು ಬೇರೆ. ಪೊಟ್ಯಾಷ್ ಗೊಬ್ಬರವೆಂದರೆ ಕ್ಲೋರೈಡ್ ಉಪ್ಪು. ಚೀಲದಿಂದ ಉದುರಿದ್ದು ಮೂಲೆಯಲ್ಲಿ ಕೂತು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಇನ್ನೂ ಕೆಟ್ಟದ್ದು. ಪೇಂಟ್ ಕಿತ್ತ ಕಡೆ ಅದು ಚೆಲ್ಲಿದರೆ ಅದರಲ್ಲಿನ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ, ಅಡಿಯ ಕಬ್ಬಿಣ ಬೇಗ ಸವೆಯುತ್ತದೆ.

ಮೊದಲು ಬ್ಯಾಟರಿ ಕಳಚಿ. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲೇ ಇರುವುದರಿಂದ ಅದನ್ನು ಪೂರ್ತಿ ಇಳಿಸಿ ದೂರ ಇಡಿ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಫ್ಲೋರನ್ನು ಚುಚ್ಚುತ್ತಾ ಹೋಗಿ, ಗಟ್ಟಿ ಕಬ್ಬಿಣ ಸಿಕ್ಕಲ್ಲಿಂದ ಇನ್ನೂ 25 ಮಿ.ಮೀ. ಆಚೆ ಗೆರೆ ಎಳೆಯಿರಿ. ಕತ್ತರಿಸುವ ಮುಂಚೆ ಮಾಡಬೇಕಾದ್ದು ಎರಡು. ಒಂದು, ಉಬ್ಬುಗೆರೆ ಮತ್ತು ಬೋಲ್ಟ್ ತೂತುಗಳ ಸಮೇತ ದಪ್ಪ ರಟ್ಟಿನಲ್ಲಿ ಫ್ಲೋರಿನ ನಕಲು. ಇನ್ನೊಂದು, ಬಾಡಿಯ ಎಡಬಲ ಗೋಡೆಗಳ ನಡುವೆ ಒಂದಿಂಚಿನ ಚೌಕ ಪೈಪನ್ನು ಅಡ್ಡಲಾಗಿ ಟ್ಯಾಕ್ ಮಾಡಿ (ಚುಕ್ಕಿಯಂತೆ ಸಣ್ಣ ವೆಲ್ಡ್ ಹಾಕಿ), ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಬರೆದಿಡುವುದು. ಪೈಪ್ ಹಾಕದೆ ಫ್ಲೋರ್ ಕಿತ್ತರೆ ಗೋಡೆ ಅಗಲವಾಗಿ, ಆಮೇಲೆ ಟೇಲ್‌ಗೇಟ್ ಕೂರುವುದಿಲ್ಲ.

ತಗಡು 18 ಗೇಜ್, ಅಂದರೆ 1.2 ಮಿ.ಮೀ., ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ತುಕ್ಕಿಲ್ಲದ ಜಾಗದಲ್ಲಿ ಪೇಂಟ್ ಕೆರೆದು ವರ್ನಿಯರ್‌ನಲ್ಲಿ ಅಳೆದೇ ತನ್ನಿ. 8x4 ಅಡಿಯ ಒಂದು ಹಾಳೆ ಸುಮಾರು 28 ಕಿಲೋ ತೂಗುತ್ತದೆ. ಉಬ್ಬುಗೆರೆ ಅಂದಕ್ಕೆ ಇರುವುದಲ್ಲ; ಅದಿಲ್ಲದ ಫ್ಲೋರ್ ಓಡುವಾಗ ಡಬಡಬ ಬಡಿಯುತ್ತದೆ, ವೆಲ್ಡ್ ಬಿರಿಯುತ್ತದೆ. ಗೆರೆ ಎಬ್ಬಿಸುವಾಗ ತಗಡು ಒಳಕ್ಕೆ ಎಳೆದುಕೊಳ್ಳುವುದರಿಂದ ಸುತ್ತ 10-12 ಮಿ.ಮೀ. ಹೆಚ್ಚು ಬಿಟ್ಟು, ಕೊನೆಯ ಅಳತೆಗೆ ಆಮೇಲೆ ಕತ್ತರಿಸಿ. ಇದನ್ನು ತಿರುವುಮುರುವು ಮಾಡಿ ಹಾಳೆ ಕೆಡಿಸಿಕೊಳ್ಳುವವರೇ ಹೆಚ್ಚು.

ಅಡಿಯ ಅಡ್ಡ ಚಾನೆಲ್ ಮೇಲೆ ಕೂರುವ ಕಡೆ ಹೊಸ ತಗಡಿನಲ್ಲಿ 40 ಮಿ.ಮೀ.ಗೊಂದರಂತೆ 8 ಮಿ.ಮೀ. ತೂತು ಕೊರೆದು, ತೂತಿನೊಳಗೆ ವೆಲ್ಡ್ ತುಂಬಿಸಿ. ಅದಕ್ಕೆ ಮುಂಚೆ ಎರಡೂ ಮುಖಕ್ಕೆ ವೆಲ್ಡ್ ತಾಳುವ ಜಿಂಕ್ ಪ್ರೈಮರ್ ಬಳಿದಿರಬೇಕು. ತಗ್ಗಿನ ಮೂಲೆಗಳಲ್ಲಿ 10 ಮಿ.ಮೀ. ನೀರುತೂತು ಬಿಡಲು ಮರೆಯಬೇಡಿ.

ಪ್ರಶ್ನೆ: ಅಂಬಾಸಿಡರ್ ಮುಂದಿನ ಫೆಂಡರ್ ಚಕ್ರದ ಹಿಂಭಾಗದಲ್ಲಿ ಉದುರಿಹೋಗಿದೆ. ಹೊಸದು ಸಿಗುತ್ತಿಲ್ಲ. ಆ ಬಾಗು ಕೈಯಲ್ಲಿ ಬರುತ್ತದೆಯೇ?
– ಓದುಗರು, ಕುಶಾಲನಗರ

ಬರುತ್ತದೆ. ಇಲ್ಲಿಗೆ ಇನ್ನೂ ತೆಳುವಾದ 20 ಗೇಜ್ ಸಾಕು, ಆದರೆ ಅಂಗಡಿಯಲ್ಲಿ ಇಡಿಡಿ (ಬಿರಿಯದೆ ಹೆಚ್ಚು ಎಳೆಯಬಹುದಾದ) ದರ್ಜೆಯ ಸಿಆರ್ ಶೀಟ್ ಎಂದು ಕೇಳಿ ತನ್ನಿ. ಸಾಧಾರಣ ದರ್ಜೆಯದು ಹೆಚ್ಚು ಎಳೆದರೆ ಬಿರಿಯುತ್ತದೆ.

ಒಂದೇ ದಿಕ್ಕಿಗೆ ಬಾಗಿದ ತುಂಡನ್ನು ಪೈಪಿನ ಮೇಲೆ ಒತ್ತಿ ಬಾಗಿಸಬಹುದು. ಎರಡು ದಿಕ್ಕಿಗೆ ಬಾಗಿದ್ದರೆ ನಡುವೆ ತಗಡನ್ನು ಹಿಗ್ಗಿಸಬೇಕು, ಇಲ್ಲವೇ ಅಂಚನ್ನು ಕುಗ್ಗಿಸಬೇಕು. ಎಲ್ಲಿ ಏನು ಎಂದು ತಿಳಿಯಲು ಚೆನ್ನಾಗಿರುವ ಇನ್ನೊಂದು ಬದಿಯ ಫೆಂಡರ್ ಮೇಲೆ ದಪ್ಪ ಕಾಗದ ಹೊದಿಸಿ ನೋಡಿ. ಕಾಗದ ನೆರಿಗೆ ಬಿದ್ದಲ್ಲಿ ತಗಡು ಕುಗ್ಗಬೇಕು. ಕತ್ತರಿಸಿದರೆ ಮಾತ್ರ ಬಾಯಿ ಬಿಟ್ಟು ಕೂರುವಲ್ಲಿ ಹಿಗ್ಗಬೇಕು. ಅದೇ ಬದಿಯಿಂದ 75 ಮಿ.ಮೀ.ಗೊಂದರಂತೆ ಪ್ಲೈವುಡ್ ಅಚ್ಚು ಕತ್ತರಿಸಿಕೊಂಡು, ತಿರುವಿ ಹಿಡಿದು ನಿಮ್ಮ ತುಂಡಿಗೆ ತಾಳೆ ನೋಡುತ್ತಾ ಹೋಗಿ.

ಹಿಗ್ಗಿಸಲು ಒಣ ಮರಳು ತುಂಬಿದ ಚರ್ಮದ ಚೀಲ ಮತ್ತು ಮರದ ಕೊಡತಿ, ನಯ ಮಾಡಲು ಡಾಲಿ (ತಗಡಿನ ಅಡಿಗೆ ಹಿಡಿಯುವ ಕಬ್ಬಿಣದ ಗಟ್ಟಿ) ಮತ್ತು ಚಪ್ಪಟೆ ಸುತ್ತಿಗೆ. ಅಂಚು ಮಡಿಸಲು ಎರಡು ಹಲಗೆಗಳ ನಡುವೆ ತಗಡನ್ನು ಕ್ಲಾಂಪ್ ಮಾಡಿ, ಒಮ್ಮೆಗೆ ಮೂವತ್ತು ಡಿಗ್ರಿಯಂತೆ ಮೂರು ಸುತ್ತಿನಲ್ಲಿ ಬಡಿಯಿರಿ. ಹಲಗೆಗೆ ತೋಟದ ಸಿಲ್ವರ್ ಓಕ್ ಬೇಡ. ಮೆದು ಮರ, ನಾಲ್ಕು ಪೆಟ್ಟಿಗೆ ಅದರ ಅಂಚು ಉರುಟಾಗುತ್ತದೆ.

ಚಕ್ರದ ಕಮಾನಿನ ಒಳಮಡಿಕೆ ಹಿಗ್ಗುವ ಜಾಗ, ಹಾಗಾಗಿ ಬಿರಿಯುವುದೂ ಅಲ್ಲೇ. ಮಡಿಕೆ 12 ಮಿ.ಮೀ. ಮೀರದಿರಲಿ. ಮಡಿಸುವ ಮೊದಲೇ ಅಂಚಿಗೆ ಅರ ಹಾಕಿ. ಕತ್ತರಿಯ ಕಚ್ಚು ಉಳಿದರೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಪ್ರಶ್ನೆ: ತುಕ್ಕೇ ಹಿಡಿಯದಂತೆ ಜಿಐ (ಸತು ಲೇಪಿಸಿದ) ಶೀಟ್ ಹಾಕಬಹುದಲ್ಲ?
– ಓದುಗರು, ಸೋಮವಾರಪೇಟೆ

ವೆಲ್ಡ್ ಮಾಡುವಲ್ಲಿ ಸತು ಸುಟ್ಟು ಹೋಗುತ್ತದೆ, ವೆಲ್ಡ್‌ನಲ್ಲಿ ಗುಳ್ಳೆ ಬರುತ್ತದೆ, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಹಾಕಲೇಬೇಕೆಂದರೆ ಅಂಚಿನ 25 ಮಿ.ಮೀ. ಸತುವನ್ನು ಎರಡೂ ಬದಿ ಉಜ್ಜಿ ತೆಗೆದು, ಬಯಲಲ್ಲಿ ಕೆಲಸ ಮಾಡಿ. ಸಿಆರ್ ಶೀಟಿಗೆ ಒಳ್ಳೆಯ ಎಪಾಕ್ಸಿ ಪ್ರೈಮರ್ ಹೊಡೆಯುವುದೇ ಮೇಲು.

ಪ್ರಶ್ನೆ: ಬಾಗಿಲಿಗೆ ಮಿಗ್ (ಗ್ಯಾಸಿನ ಆಸರೆಯಲ್ಲಿ ವೈರ್ ಕರಗಿಸುವ) ವೆಲ್ಡ್‌ನಲ್ಲಿ ತುಂಡು ಸೇರಿಸಿದೆವು. ಈಗ ಇಡೀ ತಗಡು ಹಪ್ಪಳದ ಹಾಗೆ ಸೊಟ್ಟಗಾಗಿದೆ.
– ಓದುಗರು, ಗೋಣಿಕೊಪ್ಪ

ಉದ್ದಕ್ಕೆ ಒಂದೇ ಎಳೆತದಲ್ಲಿ ವೆಲ್ಡ್ ಎಳೆದಿರಬೇಕು. ವೆಲ್ಡ್ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ, ಅಷ್ಟೇ. 0.6 ಮಿ.ಮೀ. ವೈರ್, ಆರ್ಗಾನ್ 80 ಭಾಗಕ್ಕೆ ಸಿಒ2 20 ಭಾಗದ ಮಿಶ್ರಣ, ತುಂಡುಗಳ ನಡುವೆ ವೈರ್‌ನಷ್ಟೇ ಸಂದು. ಮೊದಲು 25-30 ಮಿ.ಮೀ. ಅಂತರದಲ್ಲಿ ಟ್ಯಾಕ್, ಆಮೇಲೆ ಒಂದು ಇಲ್ಲಿ ಒಂದು ಅಲ್ಲಿ ಎಂದು ಜಿಗಿಯುತ್ತಾ ತುಂಬುವುದು. ಕೈ ಮುಟ್ಟಿ ತಾಳುವಷ್ಟು ಆರಿದ ಮೇಲೆಯೇ ಪಕ್ಕದ ಟ್ಯಾಕ್.

ಈಗ ಆಗಿರುವುದನ್ನು ಸರಿಪಡಿಸಲು ವೆಲ್ಡ್‌ನ ಉಬ್ಬನ್ನು ಗ್ರೈಂಡ್ ಮಾಡಿ, ಅಡಿಗೆ ಡಾಲಿ ಒತ್ತಿ ಹಿಡಿದು, ವೆಲ್ಡ್ ಗೆರೆಯ ಮೇಲೆಯೇ ಬಡಿಯಿರಿ. ಕುಗ್ಗಿದ್ದು ಅದೇ, ಹಿಗ್ಗಬೇಕಾದ್ದೂ ಅದೇ. ಪಕ್ಕದ ತಗಡನ್ನು ಬಡಿದರೆ ಸೊಟ್ಟ ಹೆಚ್ಚುತ್ತದೆ. ಉಳಿದ ತಗ್ಗಿಗೆ ಪುಟ್ಟಿ 2-3 ಮಿ.ಮೀ.ವರೆಗೆ ಪರವಾಗಿಲ್ಲ.

ಉಜ್ಜಿದ ಕಬ್ಬಿಣವನ್ನು ಮಳೆಗಾಲದಲ್ಲಿ ರಾತ್ರಿ ಬರಿದೇ ಬಿಟ್ಟರೆ ಬೆಳಿಗ್ಗೆಗೆ ಕೆಂಪಾಗಿರುತ್ತದೆ. ಅಂದೇ ಎಪಾಕ್ಸಿ ಹೊಡೆಯಿರಿ. ಈ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್. ಕಾಫಿ ಕೊಯ್ಲಿಗೆ ಜೀಪು ಬೇಕಾಗುವುದೂ ಆಗಲೇ, ಏನು ಮಾಡುವುದು!

ಪ್ರಶ್ನೆ: ಹೊಸ ತಗಡು ಹಾಕಿದರೆ ಆರ್‌ಸಿಗೆ ತೊಂದರೆಯೇ?
– ಓದುಗರು, ವಿರಾಜಪೇಟೆ

ಇದ್ದ ಆಕಾರಕ್ಕೇ ತಗಡು ಬದಲಿಸಿದರೆ ಅದು ರಿಪೇರಿ. ಬಾಡಿ ಉದ್ದ ಮಾಡುವುದು, ಸೀಟು ಹೆಚ್ಚಿಸುವುದು, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಬದಲಾವಣೆ ಎನಿಸುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಮೇಲಾಗಿ ಅದನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸುವಂತಿಲ್ಲ. ಕಾಫಿ ಮೂಟೆ ಹೊರುವ ಜೀಪಿಗೆ ಮಾಮೂಲಿ ಆರ್‌ಸಿ ನವೀಕರಣವೇ ಸರಿ. ಕತ್ತರಿಸುವ ಮುಂಚಿನ, ಆಮೇಲಿನ ಫೋಟೋಗಳನ್ನು ಅಳತೆಪಟ್ಟಿ ಇಟ್ಟು ತೆಗೆದಿಟ್ಟುಕೊಳ್ಳಿ. ತಪಾಸಣೆಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.