ಹೀಬ್ರೂ ವಿಡಂಬನೆ: ಎಲ್ಲಿಂದ ಓದಲು ಶುರು ಮಾಡಬೇಕು?

ಇಸ್ರೇಲ್ ಹುಟ್ಟುವ ಮೊದಲು ಹೀಬ್ರೂನಲ್ಲಿ ವಿಡಂಬನೆ ಇತ್ತಾ ಎಂದು ಕೇಳಿದ್ದೀರಿ. ಇತ್ತು, ಅದೂ ಬಹಳ ಜೋರಾಗಿ! ಯೋಸೆಫ್ ಪೆರ್ಲ್ ಬರೆದ 'ಮೆಗಲ್ಲೆ ತೆಮಿರಿನ್' ಇಂದ ಶುರು ಮಾಡಿ. 1819ರಲ್ಲಿ ವಿಯೆನ್ನಾದಲ್ಲಿ ಅಚ್ಚಾಯಿತು. ಹೀಬ್ರೂನ ಮೊದಲ ಕಾದಂಬರಿ ಇದೇ ಎನ್ನುವವರು ಅನೇಕರಿದ್ದಾರೆ.

ಪೆರ್ಲ್ ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ ಗಲಿಷಿಯಾ ಪ್ರಾಂತ್ಯದ ಟಾರ್ನೊಪೋಲ್ ಊರಿನವರು. ಹಸಿದೀ ಎಂಬ ಯಹೂದಿ ಭಕ್ತಿಪಂಥದ ಕಟ್ಟಾ ವಿರೋಧಿ. ಆದರೆ ನೇರವಾಗಿ ಬೈಯದೆ, ಹಸಿದೀಯರೇ ಒಬ್ಬರಿಗೊಬ್ಬರು ಬರೆದ ಪತ್ರಗಳ ಹಾಗೆ ಇಡೀ ಪುಸ್ತಕ ಬರೆದರು. ತಮ್ಮನ್ನು ಟೀಕಿಸುವ ಒಂದು ಜರ್ಮನ್ ಪುಸ್ತಕವನ್ನು ಹೇಗಾದರೂ ಕೈವಶ ಮಾಡಿಕೊಳ್ಳಬೇಕೆಂದು ಅವರೆಲ್ಲ ಹೂಡುವ ಸಂಚೇ ಕಥೆ. ಅಂಥ ಜರ್ಮನ್ ಪುಸ್ತಕವನ್ನು ಪೆರ್ಲ್ ನಿಜಕ್ಕೂ ಬರೆದಿದ್ದರು, ಸರ್ಕಾರ ಅಚ್ಚು ಹಾಕಲು ಒಪ್ಪಿರಲಿಲ್ಲ!

ನನಗೆ ಜಾಸ್ತಿ ಇಷ್ಟವಾಗುವುದು ಅದರ ಭಾಷೆ. ವ್ಯಾಕರಣ ತಪ್ಪಿದ, ಯಿಡ್ಡಿಶ್ (ಪೂರ್ವ ಯುರೋಪಿನ ಯಹೂದಿಗಳ ಆಡುಮಾತು) ಬೆರೆತ ಹೀಬ್ರೂವನ್ನು ಬೇಕೆಂದೇ ಬಳಸಿದ್ದಾರೆ. ಅಡಿಟಿಪ್ಪಣಿಗಳಲ್ಲಿ ನಿಜವಾದ ಹಸಿದೀ ಗ್ರಂಥಗಳ ಉಲ್ಲೇಖ ಬೇರೆ. ಎದುರಾಳಿಯ ಧಾಟಿಯನ್ನು ಇಷ್ಟು ಚೆನ್ನಾಗಿ ಹಿಡಿಯಬೇಕಾದರೆ ಅವರ ಪುಸ್ತಕಗಳನ್ನು ಎಷ್ಟು ಶ್ರದ್ಧೆಯಿಂದ ಓದಿರಬೇಕು, ಅಲ್ವಾ? ಪಂಥದ ಬಗ್ಗೆ ಪೆರ್ಲ್ ತೀರಾ ನಿಷ್ಠುರ, ಅದನ್ನು ನಾನು ಒಪ್ಪಲಾರೆ. ಆದರೂ ಕಲೆ ದೊಡ್ಡದು. ಡೋವ್ ಟೇಲರ್ ಅವರ ಇಂಗ್ಲಿಷ್ ಅನುವಾದ ಇದೆ.

ಇಸ್ರೇಲ್ ಕಾಲದ್ದು ಬೇಕಾದರೆ ನಾಟಕಕಾರ ಹಾನೋಖ್ ಲೆವಿನ್ ಓದಿ. ಇಸ್ರೇಲ್ ಅರಬ್ ದೇಶಗಳ ವಿರುದ್ಧ 1967ರ ಯುದ್ಧ ಗೆದ್ದ ಹುಮ್ಮಸ್ಸನ್ನು ಚುಚ್ಚಿದ ಅವರ 'ಸ್ನಾನದ ತೊಟ್ಟಿಯ ರಾಣಿ' 1970ರಲ್ಲಿ ಟೆಲ್ ಅವೀವ್‌ನ ಕಾಮೆರಿ ರಂಗಮಂದಿರದಲ್ಲಿ ಬಂತು. ಗಲಾಟೆ ಎದ್ದು, ಕೆಲವೇ ಪ್ರದರ್ಶನಗಳ ನಂತರ ನಿಂತುಹೋಯಿತು.