ಮಂಗಳೂರಿಗೆ ಕಾಫಿ ಇಳಿಸಿ ಖಾಲಿ ಬರೋದು ತಪ್ಪಬೇಕಂದ್ರೆ

ಗೋಣಿಕೊಪ್ಪದಿಂದ ಸ್ವಂತ ಆರು ಚಕ್ರದ ಲಾರೀಲಿ ಮಂಗಳೂರಿಗೆ ಕಾಫಿ ಹೊಡೀತೀನಿ, ವಾಪಸ್ ಲೋಡ್ ಸಿಗಲ್ಲ, ಸಿಕ್ರೂ ಬ್ರೋಕರ್ ಹೇಳೋ ಬಾಡಿಗೆ ಡೀಸೆಲ್‌ಗೂ ಸಾಲಲ್ಲ, ಏನ್ ಮಾಡ್ಲಿ ಅಂತ ಕೇಳಿದೀರ. ನಾನೂ ಕುಶಾಲನಗರದಿಂದ ಅದೇ ಕಡೆ ಸ್ವಂತ ಗಾಡಿ ಓಡಿಸೋನು. ವಾಪಸ್ ಲೋಡನ್ನ ಮಂಗಳೂರಲ್ಲಿ ಹುಡುಕ್ಬೇಡಿ ಸರ್, ಗೋಣಿಕೊಪ್ಪದಲ್ಲೇ ಹುಡುಕಿ.

ಕೊಡಗಿಗೆ ರೈಲಿಲ್ಲ. ಗೊಬ್ಬರ, ಸುಣ್ಣ, ಸಿಮೆಂಟು, ಟೈಲ್ಸು, ಶೀಟು, ಪೈಪು, ಎಲ್ಲಾ ಲಾರೀಲೇ ಬರ್ಬೇಕು, ಅದನ್ನ ತರಿಸೋರು ನಿಮ್ಮೂರ ಅಂಗಡಿಯೋರೇ, ಎಷ್ಟೋ ಸಲ ಬಾಡಿಗೆ ಕೊಡೋರೂ ಅವ್ರೇ. ನೀವು ಮಂಗಳೂರಿನ ಬೈಕಂಪಾಡೀಲಿ ಗಾಡಿ ನಿಲ್ಸಿ ಬ್ರೋಕರ್ ಫೋನಿಗೆ ಕಾಯ್ತಾ ಕೂತಾಗ ನಿಮ್ಮ ಮನೆ ಪಕ್ಕದ ಗೊಬ್ಬರದಂಗಡಿಗೆ ಬೇರೆ ಊರಿನ ಗಾಡಿ ಪಣಂಬೂರಿಂದ ಲೋಡ್ ತರ್ತಾ ಇರುತ್ತೆ. ಕಾಫಿ ತುಂಬೋಕೆ ಮುಂಚೆ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಯ ಅಂಗಡಿಗಳಿಗೆ ಒಂದು ಸುತ್ತು ಹೋಗಿ, ಇಂಥಾ ದಿನ ನನ್ ಗಾಡಿ ಮಂಗಳೂರಲ್ಲಿ ಖಾಲಿ ಆಗುತ್ತೆ, ಇಷ್ಟು ಟನ್ ತರ್ತೀನಿ, ಬಾಡಿಗೆ ಇಷ್ಟು ಅಂತ ಹೇಳಿ. ಕಂಪನಿ ಕಡೆ ಗುತ್ತಿಗೆ ಟ್ರಾನ್ಸ್‌ಪೋರ್ಟ್‌ನೋರು ಇದ್ರೂ ಅಂಗಡಿಯೋರು ಒಂದು ಮಾತು ಹೇಳಿದ್ರೆ ನಿಮ್ ಗಾಡಿ ನಂಬರ್ ಹಾಕ್ಸೋಕೆ ಆಗುತ್ತೆ. ಒಂದೆರಡು ಸಲ ಸರಿಯಾದ ಟೈಮಿಗೆ, ಚೀಲ ಒದ್ದೆ ಮಾಡ್ದೆ ತಂದುಕೊಟ್ರೆ ಆಮೇಲೆ ಅವ್ರೇ ಫೋನ್ ಮಾಡ್ತಾರೆ.

ಸೀಸನ್ ಲೆಕ್ಕ ತಲೇಲಿರ್ಲಿ. ರೋಬಸ್ಟಾ ಕುಯ್ಲು ಡಿಸೆಂಬರಿಂದ ಮಾರ್ಚ್, ಆಗ ಹೋಗೋ ಲೋಡು ಬೇಕಾದಷ್ಟು, ಬರೋದು ಕಮ್ಮಿ. ಕಾಫಿ ದುಡ್ಡು ಕೈಗೆ ಬಂದ್ಮೇಲೆ ಜನ ಮಳೆಗೆ ಮುಂಚೆ ಮನೆ ಕೆಲಸ ಮುಗಿಸ್ಬೇಕು ಅಂತ ಓಡಾಡ್ತಾರೆ, ಸಿಮೆಂಟು ಟೈಲ್ಸು ಬರುತ್ತೆ, ಮೇ ತಿಂಗಳಲ್ಲಿ ತೋಟದ ಗೊಬ್ಬರ. ಮಳೆ ಮುಗಿಯೋ ಹೊತ್ತಿಗೆ ಮತ್ತೆ ಗೊಬ್ಬರ. ಮಳೆಗಾಲದಲ್ಲಿ ಜಿಲ್ಲಾಡಳಿತ 18,500 ಕೆಜಿ ಮೇಲಿನ ಗಾಡಿಗಳಿಗೆ ತಡೆ ಹಾಕಿದ ವರ್ಷಗಳಿವೆ, ಆದೇಶ ನೋಡ್ಕೊಳ್ಳಿ. ಆರು ಚಕ್ರದ ಗಾಡಿಗೆ ಗಾಡಿ ತೂಕನೂ ಸೇರಿ ಒಟ್ಟು ಮಿತಿನೇ 18.5 ಟನ್, ಹತ್ತು ಚಕ್ರದೋರು ನಿಂತಾಗ ನಿಮಗೆ ಕೆಲಸ ಇರುತ್ತೆ. ಹಾಗಂತ ಓವರ್‌ಲೋಡ್ ಮಾತ್ರ ಬೇಡ, ಸಿಕ್ಕಿಬಿದ್ರೆ 20,000 ದಂಡ, ಮೇಲೆ ಜಾಸ್ತಿ ಹಾಕಿದ ಪ್ರತಿ ಟನ್ನಿಗೆ 2,000.

ಇನ್ನು ಬಾಡಿಗೆ. ಮಂಗಳೂರಿಂದ ಗೋಣಿಕೊಪ್ಪಕ್ಕೆ ಸುಮಾರು 180 ಕಿಮೀ. ಖಾಲಿ ಗಾಡಿ ಲೀಟರಿಗೆ ಆರು ಕಿಮೀ ಕೊಟ್ರೆ 30 ಲೀಟರ್, ಲೋಡಲ್ಲಿ ಸಂಪಾಜೆ ಘಾಟಿ ಹತ್ತಿಸ್ಕೊಂಡು ನಾಲ್ಕು ಅಂತ ಹಿಡಿದ್ರೆ 45. ಅಂದ್ರೆ ವಾಪಸ್ ಲೋಡಿಂದ ಹೆಚ್ಚಾಗೋ ಡೀಸೆಲ್ 15 ಲೀಟರ್, 90 ರೂಪಾಯಿ ಹಿಡಿದ್ರೆ 1,350. ಲೋಡಿಂಗ್ ಮಾಮೂಲು, ಟೈರ್ ಸವೆತ ಸೇರಿಸಿ, ಅದಕ್ಕಿಂತ ಕೆಳಗೆ ಯಾವ ಕಾರಣಕ್ಕೂ ಇಳೀಬೇಡಿ. ಇನ್ನೊಂದ್ಕಡೆ ಇಎಂಐ ತಿಂಗಳಿಗೆ 36,000 ಇದ್ರೆ ಗಾಡಿ ನಿಂತ ದಿನಕ್ಕೇ 1,200 ಹೋಯ್ತು, ಊಟ, ಕ್ಲೀನರ್ ಬೇರೆ. ಎರಡು ಸಾವಿರ ಜಾಸ್ತಿ ಸಿಗುತ್ತೆ ಅಂತ ಎರಡು ದಿನ ಕಾಯೋದು ಲಾಸ್. ಊರಿಗೇ ಬರ್ಬೇಕು ಅನ್ನೋ ಹಠಾನೂ ಬೇಡ, ಹುಣಸೂರಿಗೆ ಸಿಕ್ರೂ ಹಾಕ್ಕೊಳ್ಳಿ, ತಿತಿಮತಿ ಮೇಲೆ ಮನೆ ಸೇರ್ಬಹುದು.

ಒಂದು ವಿಷ್ಯ ತುಂಬಾ ಮುಖ್ಯ. ಕಾಫಿ ವಾಸನೆ ಎಳ್ಕೊಳ್ಳೋ ಸರಕು. ಒಣಮೀನು, ಮೀನಿನ ಗೊಬ್ಬರ ತಂದ ಗಾಡಿಗೆ ಮರುದಿನ ಕಾಫಿ ಕೊಡೋ ಪಾರ್ಟಿ ಸಿಗಲ್ಲ, ಒಳ್ಳೆ ಬಾಡಿಗೆ ಅಂದ್ರೂ ಬೇಡ ಅನ್ನಿ. ರಾಸಾಯನಿಕ ಗೊಬ್ಬರ ಇಳಿಸಿದ್ಮೇಲೂ ಹಲಗೆ ಸಂದಿಲಿ ಬಿಳಿ ಹರಳು ಕೂತಿರುತ್ತೆ, ಕಡ್ಡೀಲಿ ಕೆದಕಿ, ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಟಾರ್ಪಾಲ್ ಹೊದಿಸಿ ಹಗಲಲ್ಲಿ ಒಳಗೆ ಕೂತು ಮೇಲೆ ನೋಡಿ, ಬೆಳಕು ಬರೋ ಕಡೆಯೆಲ್ಲಾ ತೂತು, ತೇಪೆ ಹಾಕ್ಸಿ. ಗಾಡಿ ಹೀಗೆ ಇಟ್ಕೊಂಡೋರಿಗೆ ಕಾಫಿ ಪಾರ್ಟಿಗಳು ಬಾಡಿಗೆಲಿ ಜಾಸ್ತಿ ಚೌಕಾಸಿ ಮಾಡಲ್ಲ.

ಆ್ಯಪಲ್ಲಿ, ವಾಟ್ಸಾಪ್ ಗ್ರೂಪಲ್ಲಿ ಲೋಡ್ ನೋಡೋದು ತಪ್ಪಲ್ಲ, ಅಂಗಡಿ ಲೋಡ್ ಇಲ್ಲದ ದಿನಕ್ಕೆ ಬೇಕು. ಆದ್ರೆ ಗೇಟ್ ಪಾಸು, ಬುಕಿಂಗು ಅಂತ ನಿಮ್ಮಿಂದಾನೇ ಮುಂಗಡ ಕೇಳೋನು ಮೋಸಗಾರ, ಫೋನ್ ಇಟ್ಬಿಡಿ. ಅಡ್ವಾನ್ಸ್ ನಿಮ್ ಕೈಗೆ ಬರ್ಬೇಕು, ಬ್ಯಾಲೆನ್ಸ್ ಯಾರು ಯಾವತ್ತು ಕೊಡ್ತಾರೆ ಅಂತ ವಾಟ್ಸಾಪಲ್ಲಿ ಬರೆಸ್ಕೊಂಡ್ಮೇಲೇ ಗಾಡಿನ ತೂಕದ ಕಾಟಾಗೆ ಹತ್ಸಿ.

50,000 ರೂಪಾಯಿ ಮೇಲಿನ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸೋಕೆ ಆನ್‌ಲೈನಲ್ಲಿ ಮಾಡೋ ಜಿಎಸ್‌ಟಿ ಚೀಟಿ) ಕೇಳಿ, ಅದ್ರಲ್ಲಿ ನಿಮ್ಮ ಗಾಡಿ ನಂಬರೇ ಇದ್ಯಾ ನೋಡಿ. 200 ಕಿಮೀ ವರೆಗೆ ಒಂದೇ ದಿನದ ವ್ಯಾಲಿಡಿಟಿ. ಜೂನ್ ಜುಲೈನಲ್ಲಿ ಮಣ್ಣು ಕುಸಿದು ಸಂಪಾಜೆ ರೋಡ್ ನಿಂತ್ರೆ ಸುಳ್ಯದಲ್ಲೇ ಗಾಡಿ ಹಾಕಿ ಪಾರ್ಟಿಗೆ ಫೋನ್ ಮಾಡಿ, ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ ಮುಗಿದು 8 ಗಂಟೆ ಒಳಗೆ ಎಕ್ಸ್‌ಟೆಂಡ್ ಮಾಡ್ಬಹುದು.