ದಿನಾ ಒಂದು ಗಂಟೆ ವಾಕಿಂಗ್ ಮಾಡುವವರು ಕ್ಯಾಲರಿ ಆ್ಯಪ್‌ನಲ್ಲಿ ಯಾವ ಆ್ಯಕ್ಟಿವಿಟಿ ಲೆವೆಲ್ ಹಾಕಬೇಕು?

ಬೆಳಿಗ್ಗೆ ಒಂದು ಗಂಟೆ ನಡೀತೀರಿ, ಮಿಕ್ಕ ಹೊತ್ತೆಲ್ಲ ಆಫೀಸಿನ ಕುರ್ಚಿ. ‘ಸೆಡೆಂಟರಿ’ (ಹೆಚ್ಚು ಹೊತ್ತು ಕೂತೇ ಇರುವವರು) ಅಂತ ಒತ್ತಲು ಮನಸ್ಸು ಬರುತ್ತಿಲ್ಲ, ‘ಮಾಡರೇಟ್’ (ಮಧ್ಯಮ ಚಟುವಟಿಕೆ) ಒತ್ತಿದರೆ ತೂಕ ಇಳಿಯುತ್ತೋ ಇಲ್ಲವೋ ಅಂತ ಅನುಮಾನ, ಅಲ್ವಾ? ಎರಡು ವರ್ಷದ ಹಿಂದೆ ನನಗೂ ಇದೇ ಗೊಂದಲ. ನಾನು ಮಾಡರೇಟ್ ಒತ್ತಿದೆ. ಮೂರು ತಿಂಗಳು ದಂಡವಾಯಿತು.

ನಾನಿರುವುದು ಮೈಸೂರಿನಲ್ಲಿ, ಬ್ಯಾಂಕಿನ ಕೌಂಟರ್‌ನಲ್ಲಿ ಕೆಲಸ. ಆಗ ವಯಸ್ಸು 36, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ದಿನಾ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆ ಹತ್ತಿರ ನಡೆಯಲು ಹೋಗುತ್ತಿದ್ದೆ. ಜಿಟಿಜಿಟಿ ಮಳೆಯಿದ್ದರೆ ಛತ್ರಿ ಹಿಡಿದು. ಇಷ್ಟೆಲ್ಲ ನಡೆಯುವವಳು ಸೆಡೆಂಟರಿ ಹೇಗಾಗ್ತೀನಿ ಅನ್ನಿಸಿತ್ತು. ಮಾಡರೇಟ್ ಕೆಳಗೆ ‘ವಾರಕ್ಕೆ 3ರಿಂದ 5 ದಿನ ವ್ಯಾಯಾಮ’ ಅಂತ ಬೇರೆ ಬರೆದಿತ್ತು. ನಾನು ಏಳೂ ದಿನ ನಡೆಯುತ್ತಿದ್ದೆನಲ್ಲ!

ಆ್ಯಪ್ ನನಗೆ ದಿನಕ್ಕೆ 1,649 ಕ್ಯಾಲರಿ ಕೊಟ್ಟಿತು. ಕೈಯಲ್ಲಿದ್ದ ವಾಚನ್ನೂ ಅದಕ್ಕೆ ಜೋಡಿಸಿದೆ. ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುವಷ್ಟರಲ್ಲಿ ಹಸಿರು ಬಣ್ಣದಲ್ಲಿ +250 ಅಂತ ಕಾಣಿಸುತ್ತಿತ್ತು. ಸಂಜೆ ಆ ಲೆಕ್ಕದಲ್ಲಿ ಕಾಫಿ ಜೊತೆ ಹುರಿದ ಕಡಲೆಬೀಜ, 40 ಗ್ರಾಂ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಕದ್ದುಮುಚ್ಚಿ ಏನೂ ತಿನ್ನಲಿಲ್ಲ. ಒಗ್ಗರಣೆ ಎಣ್ಣೆಯನ್ನೂ ಚಮಚದಲ್ಲಿ ಅಳೆದು ಬರೆಯುತ್ತಿದ್ದೆ, ಒಂದು ದೊಡ್ಡ ಚಮಚಕ್ಕೇ 120 ಕ್ಯಾಲರಿ ಆಗುತ್ತದೆ. ಮೂರು ತಿಂಗಳಾದ ಮೇಲೆ ತೂಕ 74.2.

ಥೈರಾಯ್ಡ್ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದೆ. ನಾರ್ಮಲ್. ‘ನಿನ್ನ ಮೈಯೇ ಅಂಥದ್ದಮ್ಮ, ಬಿಟ್ಟುಬಿಡು’ ಅಂದರು ಅತ್ತೆ. ನನಗಾಗಿ ಮರುಗಿ ಹೇಳಿದ ಮಾತೇ ಅದು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ಭಾನುವಾರ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಬಹಳ ಆ್ಯಪ್‌ಗಳು ಬಳಸುವುದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಹೆಂಗಸರಿಗೆ: ತೂಕ×10, ಅದಕ್ಕೆ ಎತ್ತರ×6.25 ಕೂಡಿಸಿ, ವಯಸ್ಸು×5 ಕಳೆದು, ಇನ್ನೂ 161 ಕಳೆಯಬೇಕು. ಗಂಡಸರಾದರೆ 161 ಕಳೆಯುವ ಬದಲು 5 ಕೂಡಿಸಬೇಕು. ನನಗೆ ಬಂದದ್ದು 1,387. ಇಡೀ ದಿನ ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾಗುವಷ್ಟು. ಲೆವೆಲ್ ಅಂದರೆ ಇದನ್ನು ಗುಣಿಸುವ ಸಂಖ್ಯೆ, ಅಷ್ಟೇ. ಸೆಡೆಂಟರಿಗೆ 1.2, ಲೈಟ್‌ಗೆ 1.375, ಮಾಡರೇಟ್‌ಗೆ 1.55. ನನ್ನ ಮಟ್ಟಿಗೆ 1,664, 1,906, 2,149.

ಆ್ಯಪ್ 2,149 ಹಿಡಿದು ಅದರಲ್ಲಿ 500 ಕಳೆದಿತ್ತು. ಆದರೆ ಆ 1.55ರಲ್ಲಿ ವ್ಯಾಯಾಮ ಆಗಲೇ ಸೇರಿದೆ! ‘ವಾರಕ್ಕೆ 3ರಿಂದ 5 ದಿನ’ ಅಂತ ಬರೆದಿದ್ದರ ಅರ್ಥವೇ ಅದು. ಅದರ ಮೇಲೆ ವಾಚು ಅದೇ ನಡಿಗೆಗೆ ಮತ್ತೆ 250 ಸೇರಿಸಿತು. ಬೆಳಗಿನ ಒಂದೇ ನಡಿಗೆಗೆ ಎರಡು ಸಲ ಜಮೆ. ಬ್ಯಾಂಕಿನಲ್ಲಿ ಒಂದೇ ಚೆಕ್ಕನ್ನು ಎರಡು ಸಲ ಜಮಾ ಮಾಡಿದರೆ ಸಂಜೆ ಲೆಕ್ಕ ಕೂಡುತ್ತದಾ? ನಾನು ದಿನಕ್ಕೆ 2,399 ಖರ್ಚು ಮಾಡುತ್ತೇನೆ ಅಂತ ಆ್ಯಪ್ ನಂಬಿತ್ತು. ತಿನ್ನುತ್ತಿದ್ದದ್ದು 1,899. ತೂಕ ಅಲ್ಲಾಡದೆ ನಿಂತಿತ್ತು ಅಂದರೆ ನಿಜವಾದ ಖರ್ಚೂ ಸುಮಾರು 1,900ವೇ. ಕಳೆದ 500 ಪೂರ್ತಿ ಅಲ್ಲೇ ಹೋಗಿತ್ತು.

ಇನ್ನೊಂದು ನೋಡಿ. ಲೈಟ್ ಅಂತ ಹಾಕಿ ವಾಚನ್ನು ಬಿಟ್ಟಿದ್ದರೆ 1,906. ಸೆಡೆಂಟರಿ ಹಾಕಿ ವಾಚಿನ 250 ಸೇರಿಸಿದ್ದರೆ 1,914. ಎರಡೂ ದಾರಿ ಒಂದೇ ಕಡೆ ಬರುತ್ತವೆ. ಎರಡನ್ನೂ ಒಟ್ಟಿಗೆ ಹಿಡಿಯಬಾರದಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ‘ಸರಿಯಾದ ಲೆವೆಲ್’ ಅಂತ ಯಾವುದೂ ಇಲ್ಲ, ಅದೊಂದು ಅಂದಾಜು. ನಿಜವಾದ ಸಂಖ್ಯೆ ಹೇಳುವುದು ನಿಮ್ಮ ತೂಕ. ಸೆಡೆಂಟರಿ ಅಂತಲೇ ಹಾಕಿ, ಬೇಜಾರು ಬೇಡ, ಅದು ನಿಮ್ಮನ್ನು ಸೋಮಾರಿ ಅನ್ನುತ್ತಿಲ್ಲ. ದಿನದ 24 ಗಂಟೆಯಲ್ಲಿ ನಡೆಯುವುದು ಒಂದು ಗಂಟೆ ತಾನೇ? ವಾಚಿನ ಜೋಡಣೆ ಇವತ್ತೇ ತೆಗೆಯಿರಿ. ನಡಿಗೆ ಮಾತ್ರ ಬಿಡಬೇಡಿ. ದಿನಾ ಬೆಳಿಗ್ಗೆ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ನಾಲ್ಕು ವಾರ ಬೇಕೇ ಬೇಕು, ಹೆಂಗಸರಿಗೆ ಮುಟ್ಟಿನ ಆಸುಪಾಸು ನೀರಿನ ತೂಕವೇ ಒಂದೆರಡು ಕೆ.ಜಿ. ಏರಿಳಿಯಬಹುದು. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ವಾರಕ್ಕೆ ಕಾಲು ಕೆ.ಜಿ. ಇಳಿದರೆ ದಿನಕ್ಕೆ ಖರ್ಚಿಗಿಂತ 275 ಕಡಿಮೆ ತಿಂದಿದ್ದೀರಿ ಅಂತ.

ಆದರೆ ಸೆಡೆಂಟರಿ ಹಾಕಿದ ಮೇಲೆ ಅದರಲ್ಲೂ 500 ಕಳೆಯಲು ಹೋಗಬೇಡಿ. ನನಗೆ ಅದು 1,164 ಆಗುತ್ತಿತ್ತು. ಅಷ್ಟರಲ್ಲಿ ಕೌಂಟರ್‌ನಲ್ಲಿ ಕೂತು ಜನರ ದುಡ್ಡು ಎಣಿಸುವುದು ನನ್ನಿಂದಾಗದು. ಬಸುರಿ, ಬಾಣಂತಿಯರು ಈ ಲೆಕ್ಕಕ್ಕೆ ಕೈಹಾಕದೆ ಡಾಕ್ಟರನ್ನೇ ಕೇಳಬೇಕು.

ನಾನು 1,650 ಇಟ್ಟುಕೊಂಡು +250 ಮುಟ್ಟುವುದನ್ನು ನಿಲ್ಲಿಸಿದೆ. ಎಂಟು ತಿಂಗಳಿಗೆ 68.5 ಕೆ.ಜಿ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ, ಒಂದು ಕೆ.ಜಿ.ಗೆ ಸುಮಾರು 14ರಂತೆ. ಅದಕ್ಕೆ ಈಗ 1,600 ಮಾಡಿಕೊಂಡಿದ್ದೇನೆ. ಕಡಲೆಬೀಜ ಅದರೊಳಗೇ, 20 ಗ್ರಾಂ.